ಬೊಂಬಾಯಿಯ ರೂಮು: ನಮ್ಮ ಹಿರಿಯರ ದಿನಚರಿಯ ಒಂದು ಚರಿತ್ರೆ

ನಮ್ಮಲ್ಲಿ ಅನೇಕರ ಊರಿನ ಮನೆಯ ಅಟ್ಟದಲ್ಲಿ ಇಂದಿಗೂ ಒಂದು ತಗಡಿನ ಟ್ರಂಕು ಉಳಿದಿದೆ. ಮುಚ್ಚಳದ ಮೇಲೆ ಬಿಳಿಯ ಬಣ್ಣದಲ್ಲಿ ಅಜ್ಜನದೋ ದೊಡ್ಡಪ್ಪನದೋ ಹೆಸರು, ಅದರ ಕೆಳಗೆ ‘ಬಾಂಬೆ’ ಎಂಬ ಒಂದೇ ಪದ. ಒಳಗೆ ಹಳೆಯ ಇನ್‌ಲ್ಯಾಂಡ್ ಪತ್ರಗಳು, ಟೈಪಿಂಗ್ ಪರೀಕ್ಷೆಯ ಪ್ರಮಾಣಪತ್ರ, ಬಣ್ಣಗೆಟ್ಟ ರೈಲು ಪಾಸು. ಗುಜರಿಗೆ ಹಾಕೋಣವೆಂದು ಮಕ್ಕಳು ಹೇಳಿದಾಗಲೆಲ್ಲ ಹಿರಿಯರು ಬೇಡವೆನ್ನುತ್ತಾರೆ. ಏಕೆ ಬೇಡವೆಂದು ಮಾತ್ರ ವಿವರಿಸುವುದಿಲ್ಲ.

ಗಲ್ಫಿನಲ್ಲಿ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳಲ್ಲಿ ಅನೇಕವು ಇಲ್ಲಿಗೆ ನೇರವಾಗಿ ಊರಿನಿಂದ ಬಂದವಲ್ಲ. ಮಧ್ಯದಲ್ಲಿ ಬೊಂಬಾಯಿ ಎಂಬ ಒಂದು ತಂಗುದಾಣವಿತ್ತು. ಕೆಲವರು ಅಲ್ಲಿ ಎರಡು ವರ್ಷ ಇದ್ದರು, ಕೆಲವರು ಇಪ್ಪತ್ತು ವರ್ಷ; ಇನ್ನು ಕೆಲವರ ತಂದೆಯವರು ಅಲ್ಲಿಯೇ ಉಳಿದು, ಮಕ್ಕಳು ಮಾತ್ರ ಸಮುದ್ರ ದಾಟಿದರು. ಕನ್ನಡದ ತರುಣನೊಬ್ಬ ಸಂಬಳದ ಕೆಲಸವನ್ನು ಹಿಡಿದು ಮಹಾನಗರವೊಂದರಲ್ಲಿ ಒಂಟಿಯಾಗಿ ಬದುಕುವುದು ಹೇಗೆಂಬುದನ್ನು ನಮ್ಮ ಜನ ದೊಡ್ಡ ಪ್ರಮಾಣದಲ್ಲಿ ಕಲಿತ ಊರು ಅದು. ಆ ಬದುಕಿನ ದಿನಚರಿಯನ್ನು, ಮುಖ್ಯವಾಗಿ 1940ರಿಂದ 1970ರ ದಶಕದವರೆಗಿನ ಕಾಲವನ್ನು, ಇಲ್ಲಿ ಸ್ಮರಿಸಲು ಯತ್ನಿಸಿದ್ದೇವೆ. ನಮ್ಮ ಸಂಘದ ಇಂದಿನ ಒಂದು ಪ್ರಶ್ನೆಗೂ ಈ ಚರಿತ್ರೆಗೂ ಸಂಬಂಧವಿದೆಯೆಂಬುದು ನಮ್ಮ ಭಾವನೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ರಾಜಧಾನಿಯೂ ಹೌದು, ಪರದೇಶವೂ ಹೌದು

ಬೊಂಬಾಯಿಯೊಡನೆ ಕನ್ನಡಿಗರ ನಂಟು ಒಂದೇ ಬಗೆಯದಾಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಬೊಂಬಾಯಿ ಪ್ರಾಂತಕ್ಕೆ ಸೇರಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಅದೇ ಪ್ರಾಂತಕ್ಕೆ ಸೇರಿಸಲಾಗಿತ್ತು. ಆದ್ದರಿಂದ ಧಾರವಾಡದ ಅಥವಾ ಕಾರವಾರದ ಹುಡುಗನಿಗೆ ಬೊಂಬಾಯಿಯೆಂದರೆ ತನ್ನದೇ ಪ್ರಾಂತದ ರಾಜಧಾನಿ. ಹೈಕೋರ್ಟು ಅಲ್ಲಿ, ಸಚಿವಾಲಯ ಅಲ್ಲಿ. 1857ರಲ್ಲಿ ಸ್ಥಾಪನೆಯಾದ ಬೊಂಬಾಯಿ ವಿಶ್ವವಿದ್ಯಾಲಯವೇ ಅವನ ಪದವಿಗೆ ಮುದ್ರೆ ಒತ್ತುತ್ತಿತ್ತು; ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಅದೂ ಮೊದಲು ಬೊಂಬಾಯಿಯಲ್ಲಿಯೇ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ದಕ್ಷಿಣ ಕನ್ನಡದವನ ಸ್ಥಿತಿ ಬೇರೆ. ಅವನ ಜಿಲ್ಲೆ ಮದರಾಸು ಪ್ರಾಂತದ್ದು. ಆದರೂ ಮದರಾಸಿಗಿಂತ ಬೊಂಬಾಯಿಯ ಕರೆಯೇ ಅವನಿಗೆ ಬಲವಾಗಿ ಕೇಳಿಸಿತು. ಹೋಟೆಲಿನ ಕೆಲಸಕ್ಕೆ ಮೊದಲು ಹೋದ ಅಣ್ಣನೋ ಮಾವನೋ ಅಲ್ಲಿರುತ್ತಿದ್ದ. ಅವನ ಬೆನ್ನು ಹಿಡಿದು ತಮ್ಮನೂ ಅಳಿಯನೂ ಹೋಗುತ್ತಿದ್ದರು.

1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಒಂದುಗೂಡಿದವು. 1960ರ ಮೇ 1ರಂದು ಬೊಂಬಾಯಿಯು ಮಹಾರಾಷ್ಟ್ರದ ರಾಜಧಾನಿಯಾಯಿತು. ಏಕೀಕರಣಕ್ಕಾಗಿ ಹಂಬಲಿಸಿದ ಆ ಧಾರವಾಡದ ಗುಮಾಸ್ತನೇ, ಕುಳಿತ ಕುರ್ಚಿಯನ್ನು ಬಿಟ್ಟು ಏಳದೆಯೇ, ತನ್ನ ರಾಜಧಾನಿಯಲ್ಲಿ ಹೊರರಾಜ್ಯದವನಾದ. ಈ ವಿಪರ್ಯಾಸವನ್ನು ನಮ್ಮ ಏಕೀಕರಣದ ಕಥನಗಳು ಬಹಳ ವಿರಳವಾಗಿ ಪ್ರಸ್ತಾಪಿಸುತ್ತವೆ.

ಹೊರಟ ದಾರಿ

ಇಂದು ಕರಾವಳಿಯಿಂದ ಮುಂಬಯಿಗೆ ಒಂದು ರಾತ್ರಿಯ ರೈಲು ಸಾಕು. ಆದರೆ ಕೊಂಕಣ ರೈಲ್ವೆ ಪೂರ್ಣಗೊಂಡದ್ದು 1998ರಲ್ಲಿ. ಅದಕ್ಕೂ ಹಿಂದಿನ ತಲೆಮಾರಿನವರು ಹಡಗು ಹತ್ತುತ್ತಿದ್ದರು. ಮಳೆಗಾಲದಲ್ಲಿ ಕಡಲು ಮುನಿದಾಗ ಹಡಗಿನ ಸಂಚಾರ ನಿಲ್ಲುತ್ತಿತ್ತು. ಹಡಗಿಲ್ಲದಿದ್ದರೆ ಬಸ್ಸಿನಲ್ಲಿ ಘಟ್ಟ ಹತ್ತಿ, ಮೀಟರ್ ಗೇಜಿನ ಗಾಡಿ ಹಿಡಿದು, ದಾರಿಯಲ್ಲಿ ಬ್ರಾಡ್ ಗೇಜಿಗೆ ಬದಲಾಯಿಸಿ, ಪುಣೆಯ ಮಾರ್ಗವಾಗಿ ಬೊಂಬಾಯಿಯನ್ನು ಸೇರಬೇಕು. ಹೊಳೆಗಳಿಗೆ ಸೇತುವೆಗಳಾಗಿ ಕರಾವಳಿಯ ಹೆದ್ದಾರಿ ಸುಗಮವಾದ ಮೇಲೆ ನೇರ ಬಸ್ಸುಗಳು ಬಂದವು. ಯಾವ ದಾರಿಯಲ್ಲಿ ಹೋದರೂ ಕೈಯಲ್ಲಿ ಇರುತ್ತಿದ್ದುದು ಒಂದೇ: ಟ್ರಂಕು, ಹಾಸಿಗೆಯ ಸುರುಳಿ, ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯ ಗಂಟು, ಉಪ್ಪಿನಕಾಯಿಯ ಭರಣಿ, ಮತ್ತು ಒಂದು ವಿಳಾಸ.

ರೂಮು

ಆ ವಿಳಾಸ ಸಾಮಾನ್ಯವಾಗಿ ಒಂದು ಚಾಳಿನದಾಗಿರುತ್ತಿತ್ತು. ಉದ್ದನೆಯ ಮೊಗಸಾಲೆ, ಸಾಲಾಗಿ ಕೋಣೆಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಶೌಚಾಲಯ. ಹತ್ತು ಅಡಿ ಅಗಲದ ಒಂದು ಕೋಣೆಯಲ್ಲಿ ಐದಾರು ಮಂದಿ, ಕೆಲವೊಮ್ಮೆ ಇನ್ನೂ ಹೆಚ್ಚು. ಇದನ್ನು ಯಾರೂ ಮನೆಯೆಂದು ಕರೆಯಲಿಲ್ಲ; ಎಲ್ಲರ ಬಾಯಲ್ಲಿಯೂ ಅದು ‘ರೂಮು’. “ಅವ ನಮ್ಮ ರೂಮಿನವ” ಎಂದರೆ ಅದೊಂದು ಬಾಂಧವ್ಯದ ಹೆಸರು. ಕೋಣೆಯಲ್ಲಿ ಒಂದು ಮಂಚದ ಜಾಗವನ್ನಷ್ಟೇ ಬಾಡಿಗೆಗೆ ಪಡೆಯುವ ಪದ್ಧತಿಯೂ ಇತ್ತು. ರಾತ್ರಿ ಪಾಳಿಯವನು ಬೆಳಿಗ್ಗೆ ಬಂದು ಮಲಗುವಾಗ ಹಗಲು ಪಾಳಿಯವನು ಎದ್ದು ಹೋಗಿರುತ್ತಿದ್ದ. ಒಂದೇ ಹಾಸಿಗೆಗೆ ಇಬ್ಬರು ಒಡೆಯರು.

ಇದು ಕೇವಲ ಬಡತನದಿಂದ ಹುಟ್ಟಿದ ಇಕ್ಕಟ್ಟಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಹಳೆಯ ಬಾಡಿಗೆದಾರರಿಗೆ ರಕ್ಷಣೆ ದೊರೆಯಿತು. ಆದರೆ ಹೊಸದಾಗಿ ಬಂದವನು ಬಾಡಿಗೆಯ ಜೊತೆಗೆ ‘ಪಗಡಿ’ ಎಂಬ ದೊಡ್ಡ ಮೊತ್ತವನ್ನು ಮುಂಗಡವಾಗಿ ತೆರಬೇಕಾಯಿತು. ತಿಂಗಳ ಸಂಬಳದ ತರುಣನಿಗೆ ಅದು ಕೈಗೆಟುಕುವ ಮಾತಾಗಿರಲಿಲ್ಲ. ಹಾಗಾಗಿ ಯಾರೋ ಒಬ್ಬ ಹಿರಿಯನ ಹೆಸರಿನಲ್ಲಿದ್ದ ರೂಮು ಒಬ್ಬರಿಂದ ಒಬ್ಬರಿಗೆ, ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿತ್ತು. ಮದುವೆಯಾದ ಮೇಲೂ ಹೆಂಡತಿಯನ್ನು ಕರೆತರಲು ಜಾಗವಿಲ್ಲದೆ, ವರ್ಷಕ್ಕೊಮ್ಮೆ ಊರಿಗೆ ಹೋಗಿ ಬಂದು, ಮಕ್ಕಳ ಬಾಲ್ಯವನ್ನು ಪತ್ರಗಳಲ್ಲಿಯೇ ಓದಿಕೊಂಡವರು ಎಷ್ಟೋ ಮಂದಿ. ನಮ್ಮ ಕುಟುಂಬಗಳಲ್ಲಿಯೂ ಅಂಥವರಿದ್ದಾರೆ.

ರೂಮಿನ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಊರಿನ ಜಾತಿಯೂ ಅದೇ ಟ್ರಂಕಿನಲ್ಲಿ ಪ್ರಯಾಣ ಮಾಡಿತ್ತು. ಯಾರ ರೂಮಿನಲ್ಲಿ ಯಾರು, ಯಾವ ಅಡುಗೆಮನೆಯಲ್ಲಿ ಯಾರು ಎಂಬುದು ಬಹುಮಟ್ಟಿಗೆ ಜಾತಿ ಮತ್ತು ಊರಿನಿಂದಲೇ ನಿರ್ಧಾರವಾಗುತ್ತಿತ್ತು.

ಬೆಳಗಿನ ನಲ್ಲಿಯಿಂದ ಸಂಜೆಯ ಲೋಕಲಿನವರೆಗೆ

ದಿನ ಆರಂಭವಾಗುತ್ತಿದ್ದುದು ನೀರಿನಿಂದ. ಮುನಿಸಿಪಾಲಿಟಿಯ ನೀರು ಬರುವ ಹೊತ್ತಿಗೆ ಸರದಿಯಲ್ಲಿ ನಿಲ್ಲಬೇಕು. ತಡವಾದವನಿಗೆ ಅರ್ಧ ಬಕೆಟ್ ನೀರಿನಲ್ಲಿ ಸ್ನಾನ. ಇಸ್ತ್ರಿಯ ಅಂಗಿ ಎರಡೇ ಇದ್ದರೂ ಅವು ಬೆಳ್ಳಗಿರಬೇಕು; ಏಕೆಂದರೆ ಕಚೇರಿಯಲ್ಲಿ ಅಂಗಿಯೇ ಅವನ ಗುರುತು. ಆಮೇಲೆ ಸ್ಟೇಷನ್ನಿಗೆ ಓಟ.

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿತು. ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ಈ ಎರಡು ಘಟನೆಗಳು ಪಠ್ಯಪುಸ್ತಕಗಳಲ್ಲಿವೆ. ಆದರೆ ವಿದ್ಯುತ್ ರೈಲು ಗುಮಾಸ್ತನ ಜೀವನಕ್ಕೆ ಏನು ಮಾಡಿತೆಂಬುದನ್ನು ನಾವು ಗಮನಿಸಬೇಕು. ನಗರದ ದಕ್ಷಿಣ ತುದಿಯ ಫೋರ್ಟಿನಲ್ಲಿ ಕೆಲಸ, ಉತ್ತರದ ದೂರದ ಉಪನಗರದಲ್ಲಿ ಮಲಗುವ ಜಾಗ ಎಂಬ ಬದುಕು ಸಾಧ್ಯವಾದದ್ದು ಅದರಿಂದ. ಕಾಲ ಕಳೆದಂತೆ ಕನ್ನಡಿಗರ ವಸತಿಯೂ ಫೋರ್ಟಿನ ಗಲ್ಲಿಗಳಿಂದ ಮಾಟುಂಗ, ವಡಾಲಕ್ಕೆ, ಅಲ್ಲಿಂದ ಅಂಧೇರಿ, ಮಲಾಡ್, ಬೊರಿವಲಿಗೆ, ಇತ್ತ ಘಾಟ್ಕೋಪರ್, ಮುಲುಂಡ್, ಡೊಂಬಿವಲಿಗೆ ರೈಲು ಹಳಿಯ ಗುಂಟ ಸರಿಯಿತು. ದಿನವೂ ಅದೇ ಗಾಡಿ, ಅದೇ ಡಬ್ಬಿ, ಅದೇ ಮುಖಗಳು. ಗಾಡಿಯಲ್ಲಿಯೇ ಹಾಡುವ, ಇಸ್ಪೀಟಾಡುವ, ತರಕಾರಿ ಹೆಚ್ಚುವ ಒಂದು ಚಲಿಸುವ ಊರು ನಿರ್ಮಾಣವಾಯಿತು.

ಕಚೇರಿ ಎಂದರೆ ಬ್ಯಾಂಕು, ವಿಮಾ ಸಂಸ್ಥೆ, ಹಡಗು ಕಂಪನಿ, ಔಷಧ ಅಥವಾ ಬಟ್ಟೆಯ ಕಂಪನಿಯ ಲೆಕ್ಕಪತ್ರ ವಿಭಾಗ. ಟೈಪಿಂಗ್ ಮತ್ತು ಶೀಘ್ರಲಿಪಿ ಬಲ್ಲವನಿಗೆ ಬಾಗಿಲು ಬೇಗ ತೆರೆಯುತ್ತಿತ್ತು. ಊರಿನ ಹೈಸ್ಕೂಲಿನಲ್ಲಿ ಕಲಿತ ಶುದ್ಧ ಇಂಗ್ಲಿಷ್ ಬರವಣಿಗೆ ಮತ್ತು ಲೆಕ್ಕದಲ್ಲಿ ತಪ್ಪದ ಕೈ, ಇವೆರಡೇ ನಮ್ಮ ಹುಡುಗರ ಬಂಡವಾಳ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳೂ ಈ ಹಾದಿಯನ್ನು ಅಗಲಗೊಳಿಸಿದವು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರು ಮತ್ತು ಉಡುಪಿಗಳಲ್ಲಿ ಆರಂಭವಾದವು. ಬೊಂಬಾಯಿಗೆ ವಲಸೆ ಹೋದವನ ಉಳಿತಾಯವೂ ಉದ್ಯೋಗವೂ ಅನೇಕ ವೇಳೆ ಈ ಬ್ಯಾಂಕುಗಳ ಶಾಖೆಯಲ್ಲಿಯೇ ಸೇರುತ್ತಿದ್ದವು. 1969ರ ರಾಷ್ಟ್ರೀಕರಣದ ನಂತರ ಬ್ಯಾಂಕಿನ ನೌಕರಿಯೆಂದರೆ ಮದುವೆಯ ಮಾರುಕಟ್ಟೆಯಲ್ಲಿ ಬಂಗಾರದ ಸಮಾನವಾಯಿತೆಂದು ಹಿರಿಯರು ನಗುತ್ತ ನೆನೆಯುತ್ತಾರೆ.

ಕಾಲಕ್ರಮದಲ್ಲಿ ನಮ್ಮ ಹೆಣ್ಣುಮಕ್ಕಳೂ ಟೈಪಿಸ್ಟ್, ಟೆಲಿಫೋನ್ ಆಪರೇಟರ್, ದಾದಿ, ಶಿಕ್ಷಕಿ, ಬ್ಯಾಂಕಿನ ಗುಮಾಸ್ತೆಯರಾಗಿ ಈ ಜನಪ್ರವಾಹದಲ್ಲಿ ಸೇರಿದರು. ಅವರಿಗೆ ಚಾಳಿನ ಬ್ರಹ್ಮಚಾರಿ ರೂಮಿನ ಸೌಲಭ್ಯವಿರಲಿಲ್ಲ. ಬಂಧುಗಳ ಮನೆಯ ಮೂಲೆ ಅಥವಾ ಉದ್ಯೋಗಸ್ಥ ಮಹಿಳೆಯರ ವಸತಿಗೃಹವೇ ಗತಿ. ಕಚೇರಿಯ ದುಡಿಮೆ ಮುಗಿಸಿ ಬಂದು ಆಶ್ರಯ ಕೊಟ್ಟ ಮನೆಯ ಅಡುಗೆಯನ್ನೂ ಮಾಡಿದವರ ಚರಿತ್ರೆಯನ್ನು ಬರೆದವರು ಕಡಿಮೆ. ಚರ್ಚ್‌ಗೇಟಿನಿಂದ ಬೊರಿವಲಿಗೆ ಮಹಿಳೆಯರಿಗಾಗಿಯೇ ಮೀಸಲಾದ ಲೋಕಲ್ ರೈಲು ಓಡತೊಡಗಿದ್ದು 1992ರಲ್ಲಷ್ಟೇ.

ಊಟದೆಲೆಯ ಬೀದಿ

ಮಾಟುಂಗದ ಹೆಸರನ್ನೆತ್ತಿದರೆ ಇಂದಿಗೂ ನಮ್ಮ ಹಿರಿಯರ ಮುಖ ಅರಳುತ್ತದೆ. 1896ರ ಪ್ಲೇಗಿನ ಬಳಿಕ ನಗರದ ಇಕ್ಕಟ್ಟನ್ನು ಕಡಿಮೆ ಮಾಡಲು ಸ್ಥಾಪಿತವಾದ ಬೊಂಬಾಯಿ ಸುಧಾರಣಾ ಮಂಡಳಿಯು ದಾದರ್, ಮಾಟುಂಗಗಳಲ್ಲಿ ಯೋಜಿತ ಬಡಾವಣೆಗಳನ್ನು ನಿರ್ಮಿಸಿತು. ದಕ್ಷಿಣದಿಂದ ಬಂದ ಮಧ್ಯಮವರ್ಗದವರು ಅಲ್ಲಿ ನೆಲೆಸಿದರು. ಅವರ ಹಿಂದೆಯೇ ಬಾಳೆಲೆ, ಕಾಫಿಪುಡಿ, ಹೂವಿನ ಅಂಗಡಿಗಳು ಬಂದವು. 1942ರಲ್ಲಿ ರಾಮ ನಾಯಕರು ಮಾಟುಂಗ ಸ್ಟೇಷನ್ನಿನ ಬಳಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಎಲೆಯ ಮೇಲೆ ಊಟ ಬಡಿಸುತ್ತಿದೆ.

ಒಂಟಿ ತರುಣನಿಗೆ ಇಂಥ ಖಾನಾವಳಿ, ಬೋರ್ಡಿಂಗುಗಳು ಕೇವಲ ಹೊಟ್ಟೆಯ ವ್ಯವಸ್ಥೆಯಾಗಿರಲಿಲ್ಲ. ತಿಂಗಳ ಲೆಕ್ಕದ ಊಟ, ಕೈಯಲ್ಲಿ ದುಡ್ಡಿಲ್ಲದ ವಾರದಲ್ಲಿ ಸಾಲದ ಪುಸ್ತಕ, ಎರಡು ದಿನ ಕಾಣದಿದ್ದರೆ ಜ್ವರವೇ ಎಂದು ವಿಚಾರಿಸುವ ಮಾಲೀಕ. ಕೆಲಸ ಖಾಲಿಯಿದೆಯೆಂಬ ಸುದ್ದಿ ಹರಡುತ್ತಿದ್ದುದು ಅಲ್ಲಿ. ಊರಿಗೆ ಹೋಗುವವನ ಕೈಯಲ್ಲಿ ಔಷಧ ಕಳಿಸುವ ಏರ್ಪಾಡು ಆಗುತ್ತಿದ್ದುದು ಅಲ್ಲಿ.

ರಾತ್ರಿ ಶಾಲೆಯ ದೀಪ

ಇಡೀ ಚರಿತ್ರೆಯಲ್ಲಿ ನಮಗೆ ಅತ್ಯಂತ ಗೌರವಾರ್ಹವಾಗಿ ಕಾಣುವುದು ಕನ್ನಡ ರಾತ್ರಿ ಶಾಲೆಗಳು. ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗನಿಗೆ ಹಗಲಿನ ಶಾಲೆ ದಕ್ಕುವಂತಿರಲಿಲ್ಲ. ಸಂಜೆಯ ಗಿರಾಕಿಗಳು ಕರಗಿದ ಮೇಲೆ, ಕೈಯಲ್ಲಿ ಇನ್ನೂ ಸೋಪಿನ ವಾಸನೆ ಇರುವಾಗಲೇ, ಅವನು ಬೆಂಚಿನ ಮೇಲೆ ಬಂದು ಕೂರುತ್ತಿದ್ದ. ಕಲಿಸುವವರು ಹಗಲು ಕಚೇರಿಯಲ್ಲಿ ದುಡಿದು ಬಂದ ಗುಮಾಸ್ತರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ಸೇರಿದಂತೆ ಕನ್ನಡಿಗರ ಹಲವು ಸಂಸ್ಥೆಗಳು ಇಂಥ ಶಾಲೆಗಳನ್ನು ನಡೆಸಿದವು. ಅಲ್ಲಿ ಮೆಟ್ರಿಕ್ ಮುಗಿಸಿದವರು ಕಾಲೇಜು ಸೇರಿದರು. ಡಾ. ಅಂಬೇಡ್ಕರರ ಪೀಪಲ್ಸ್ ಎಜುಕೇಷನ್ ಸೊಸೈಟಿಯು 1946ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜು ಬೆಳಗಿನ ತರಗತಿಗಳನ್ನು ನಡೆಸಿ, ಹಗಲು ದುಡಿಯುವವರಿಗೂ ಪದವಿಯ ದಾರಿಯನ್ನು ತೆರೆಯಿತು. ಲೋಟ ತೊಳೆದ ಕೈ ಲೆಡ್ಜರ್ ಬರೆಯಿತು, ವಕೀಲಿ ಮಾಡಿತು, ಹೋಟೆಲಿನ ಒಡೆತನವನ್ನೂ ಪಡೆಯಿತು.

ಆದರೆ ಗೆದ್ದವರ ಕಥೆಯನ್ನು ಮಾತ್ರ ನಾವು ಹೇಳಿಕೊಳ್ಳುತ್ತೇವೆ. ಬೆಂಚಿನ ಮೇಲೆಯೇ ನಿದ್ದೆ ಹೋದವರು, ಒಂದೇ ತರಗತಿಯಲ್ಲಿ ಮೂರು ವರ್ಷ ಕುಳಿತು ಕೊನೆಗೆ ಬಿಟ್ಟವರು, ಕ್ಷಯರೋಗ ಹಿಡಿದು ಊರಿಗೆ ಮರಳಿದವರು ಅನೇಕರು. ಅವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲಿಯೂ ಇಲ್ಲ.

ತಿಂಗಳ ಮೊದಲ ವಾರ

ಸಂಬಳದ ಮರುದಿನ ಅಂಚೆ ಕಚೇರಿಯ ಮುಂದೆ ಉದ್ದನೆಯ ಸಾಲು. 1880ರಲ್ಲಿ ಭಾರತೀಯ ಅಂಚೆಯು ಆರಂಭಿಸಿದ ಮನಿಯಾರ್ಡರ್ ವ್ಯವಸ್ಥೆ ಕರಾವಳಿಯ ಮತ್ತು ಬಯಲುಸೀಮೆಯ ಎಷ್ಟೋ ಮನೆಗಳ ಒಲೆಯನ್ನು ಉರಿಸಿತು. ಫಾರಮಿನ ಕೆಳಗಿನ ಸಣ್ಣ ಜಾಗದಲ್ಲಿ ಎರಡು ಸಾಲು ಬರೆಯಬಹುದಿತ್ತು: ಕ್ಷೇಮ, ತಂಗಿಯ ಫೀಸು ಕಟ್ಟುವುದು, ಅಪ್ಪನಿಗೆ ಕನ್ನಡಕ. 1950ರ ಅಕ್ಟೋಬರಿನಲ್ಲಿ ಇನ್‌ಲ್ಯಾಂಡ್ ಪತ್ರ ಬಂದ ಮೇಲೆ ಬರೆಯುವ ಜಾಗ ಸ್ವಲ್ಪ ಹೆಚ್ಚಿತು. ಆದರೆ ಆ ಪತ್ರಗಳಲ್ಲಿ ರೂಮಿನ ಇಕ್ಕಟ್ಟಾಗಲಿ, ಹಸಿವಾಗಲಿ, ಮೇಲಧಿಕಾರಿಯ ಬೈಗುಳವಾಗಲಿ ಕಾಣುವುದು ಅಪರೂಪ. ಎಲ್ಲವೂ ಸೌಖ್ಯ. ಈ ಮರೆಮಾಚುವಿಕೆಯನ್ನು ನಾವೂ ಬಲ್ಲೆವು. ವಿಡಿಯೋ ಕರೆಯಲ್ಲಿ ಕೋಣೆಯ ಯಾವ ಮೂಲೆಯನ್ನು ತೋರಿಸಬೇಕೆಂಬ ಎಚ್ಚರ ನಮ್ಮ ಹುಡುಗರಿಗೂ ಇದೆ.

ಬಾಯಿಬಿಟ್ಟು ಹೇಳಲಾಗದ್ದನ್ನು ಸಾಹಿತ್ಯ ಹೇಳಿತು. ಹನೇಹಳ್ಳಿಯಿಂದ ಹೋಗಿ ಬೊಂಬಾಯಿಯ ಕಂಪನಿಯೊಂದರಲ್ಲಿ ದುಡಿದ ಯಶವಂತ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ, ಕಂಪನಿಯಿಂದ ಅಮಾನತುಗೊಂಡು ತತ್ತರಿಸುವ ನಾಗಪ್ಪನನ್ನು ಚಿತ್ರಿಸಿದರು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾದಂಬರಿ ಅಲ್ಲಿನ ದುಡಿಮೆಯ ಜಗತ್ತಿನಿಂದಲೇ ಮೂಡಿತು. ಗೋಕರ್ಣದಿಂದ ಹೋಗಿ ಔಷಧ ಕಂಪನಿಯಲ್ಲಿ ಕೆಲಸ ಮಾಡಿದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂದಿತು. ಮಹಾನಗರದ ನೌಕರನ ಒಂಟಿತನ ಕನ್ನಡ ಗದ್ಯದ ವಸ್ತುವಾದದ್ದರಲ್ಲಿ ಬೊಂಬಾಯಿಯ ಪಾಲು ದೊಡ್ಡದು.

ಹೊರಗಿನವರು

1960ರ ದಶಕದಲ್ಲಿ ಗಾಳಿ ಬದಲಾಯಿತು. ಕಚೇರಿಯ ಹುದ್ದೆಗಳು ದಕ್ಷಿಣದವರ ಪಾಲಾಗುತ್ತಿವೆ ಎಂಬ ಅಸಮಾಧಾನ ಸ್ಥಳೀಯ ತರುಣರಲ್ಲಿ ಬೆಳೆಯಿತು. ‘ಮಾರ್ಮಿಕ್’ ವಾರಪತ್ರಿಕೆ ಕಂಪನಿಗಳಲ್ಲಿದ್ದ ದಕ್ಷಿಣದ ಅಧಿಕಾರಿಗಳ ಹೆಸರುಗಳನ್ನು ಪಟ್ಟಿಮಾಡಿ ಪ್ರಕಟಿಸಿತು. 1966ರಲ್ಲಿ ಶಿವಸೇನೆ ಹುಟ್ಟಿತು. ಅದರ ಆರಂಭದ ವರ್ಷಗಳ ಚಳವಳಿಯಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳು ಬಿದ್ದವು. ರೈಲಿನಲ್ಲಿ ಕನ್ನಡ ಪತ್ರಿಕೆಯನ್ನು ಮಡಿಸಿ ಚೀಲದೊಳಗೆ ಇಟ್ಟುಕೊಂಡ ದಿನಗಳನ್ನು ಹಿರಿಯರು ನೆನೆಯುತ್ತಾರೆ. ಅದೇ ದಿನಗಳಲ್ಲಿ ಗಲಭೆಯ ರಾತ್ರಿ ತಮ್ಮ ಮನೆಯಲ್ಲಿ ಮಲಗಿಸಿಕೊಂಡ ಮರಾಠಿ ನೆರೆಯವರನ್ನೂ ಅವರು ಅಷ್ಟೇ ಕೃತಜ್ಞತೆಯಿಂದ ನೆನೆಯುತ್ತಾರೆ. ನೌಕರಿ ಕಡಿಮೆ, ಕೇಳುವವರು ಹೆಚ್ಚು ಎಂಬ ಸ್ಥಿತಿಯಲ್ಲಿ ಈ ಬಗೆಯ ಕಹಿ ಎಲ್ಲಿಯೂ ಹುಟ್ಟಬಹುದು. ನಮ್ಮ ಬೆಂಗಳೂರೂ ಅದಕ್ಕೆ ಹೊರತಲ್ಲ.

ಸಂಘ ಹುಟ್ಟಿದ ಬಗೆ

ಈ ಎಲ್ಲದರ ನಡುವೆ ಸಂಘಗಳು ಬೆಳೆದವು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು. ಮುಂಬಯಿ ಕರ್ನಾಟಕ ಸಂಘ 1933ರದು. ನಾಟಕ, ಯಕ್ಷಗಾನ, ಉಪನ್ಯಾಸ, ಗ್ರಂಥಾಲಯಗಳ ಕೆಲಸವೆಲ್ಲ ಕಚೇರಿ ಮುಗಿಸಿ ಬಂದವರ ಬಿಡುವಿನ ವೇಳೆಯಲ್ಲಿ ನಡೆಯಿತು. ಕುರ್ಚಿ ಜೋಡಿಸಿದವರಲ್ಲಿ, ಚಂದಾ ಎತ್ತಿದವರಲ್ಲಿ, ಪರದೆ ಎಳೆದವರಲ್ಲಿ ರೂಮುಗಳಲ್ಲಿ ವಾಸಿಸುತ್ತಿದ್ದ ಒಂಟಿ ತರುಣರು ಬಹಳ ಮಂದಿ. ಮನೆಯಿಲ್ಲದವನಿಗೆ ಸಂಘದ ಸಭಾಂಗಣವೇ ಜಗಲಿಯಾಗಿತ್ತು.

1973ರ ನಂತರ ತೈಲದ ಬೆಲೆ ಏರಿ ಗಲ್ಫಿನಲ್ಲಿ ಕಟ್ಟಡಗಳು ಏಳತೊಡಗಿದಾಗ ಈ ರೂಮುಗಳೇ ಹೊಸ ಪಯಣಕ್ಕೆ ಮೆಟ್ಟಿಲಾದವು. ಸಂದರ್ಶನ, ವೈದ್ಯಕೀಯ ಪರೀಕ್ಷೆ, ವೀಸಾ, ವಿಮಾನ ಎಲ್ಲವೂ ಬೊಂಬಾಯಿಯಲ್ಲಿ. ವೀಸಾ ಬರುವವರೆಗೆ ಊರಿನ ಹುಡುಗ ಆ ರೂಮಿನ ನೆಲದ ಮೇಲೆ ತಿಂಗಳುಗಟ್ಟಲೆ ಕಾದ. ಅವನ ಊಟದ ಲೆಕ್ಕವನ್ನು ಯಾರೋ ಒಬ್ಬ ಅಣ್ಣ ಕಟ್ಟಿದ. ಮಂಗಳೂರಿಗೂ ದುಬೈಗೂ ನಡುವೆ ನೇರ ವಿಮಾನ ಹಾರತೊಡಗಿದ್ದು 2006ರಲ್ಲಿ.

ನಮ್ಮ ಪಾಲಿನ ಪ್ರಶ್ನೆ

ಈಗ ನಮ್ಮ ಸಂಘದ ಮಾತು. ನಮ್ಮ ಸದಸ್ಯತ್ವ ಕುಟುಂಬದ ಲೆಕ್ಕದಲ್ಲಿದೆ. ಕಾರ್ಯಕ್ರಮಗಳು ಮಕ್ಕಳ ನೃತ್ಯ ಮತ್ತು ಕುಟುಂಬಗಳ ಭೋಜನದ ಸುತ್ತ ರೂಪುಗೊಂಡಿವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಇದೇ ನಗರದಲ್ಲಿ ಬೆಡ್ ಸ್ಪೇಸಿನಲ್ಲಿ, ಒಂದು ಕೋಣೆಯಲ್ಲಿ ಆರು ಮಂದಿಯಾಗಿ ಮಲಗುವ ಕನ್ನಡದ ತರುಣ ಎಂಜಿನಿಯರುಗಳು, ಲೆಕ್ಕಿಗರು, ಅಂಗಡಿಯ ಮಾರಾಟಗಾರರು, ದಾದಿಯರು ಇದ್ದಾರೆ. ಕಳೆದ ರಾಜ್ಯೋತ್ಸವದಂದು ಒಬ್ಬ ಹುಡುಗ ಬಾಗಿಲವರೆಗೆ ಬಂದು, ಕುಟುಂಬದ ಟಿಕೆಟ್ಟಿನ ದರವನ್ನು ನೋಡಿ, “ಇದು ಫ್ಯಾಮಿಲಿಯವರಿಗಲ್ಲವೇ” ಎಂದು ಕೇಳಿ ಹಿಂದಿರುಗಿದ. ಬಾಗಿಲಲ್ಲಿದ್ದ ನಮ್ಮಲ್ಲಿ ಯಾರೂ ಅವನನ್ನು ತಡೆದು ಒಳಗೆ ಕರೆಯಲಿಲ್ಲ. ಅವನ ಹೆಸರನ್ನೂ ಕೇಳಲಿಲ್ಲ.

ಅವನ ವಯಸ್ಸಿನಲ್ಲಿ ನಮ್ಮ ತಂದೆಯವರು ಮಾಟುಂಗದಲ್ಲಿ ಪರದೆ ಎಳೆಯುತ್ತಿದ್ದರು. ಒಂಟಿಯಾಗಿರುವವರಿಗೆ ಕಡಿಮೆ ದರದ ಸದಸ್ಯತ್ವ, ತಿಂಗಳಿಗೊಮ್ಮೆ ನಮ್ಮ ಮನೆಗಳಲ್ಲಿ ಸರದಿಯ ಮೇಲೆ ಅವರಿಗೊಂದು ಊಟ, ಹೊಸದಾಗಿ ಬಂದವರಿಗೆ ಕೆಲಸ ಮತ್ತು ಕಾನೂನಿನ ವಿಷಯದಲ್ಲಿ ತಿಳಿದವರ ಸಲಹೆ: ಈ ಮೂರು ಸಲಹೆಗಳನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಇಡಲಿದ್ದೇವೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ಕೋರುತ್ತೇವೆ.

ಇನ್ನೊಂದು ವಿನಂತಿ. ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದನ್ನು ತಂದವರು ಇನ್ನೂ ನಮ್ಮೊಡನಿದ್ದರೆ ಅವರಿಂದಲೇ ತೆರೆಸಿ. ಯಾವ ರೂಮು, ಎಷ್ಟು ಮಂದಿ, ಮೊದಲ ಸಂಬಳದಲ್ಲಿ ಊರಿಗೆ ಎಷ್ಟು ಕಳಿಸಿದಿರಿ ಎಂದು ಕೇಳಿ, ಬರೆದಿಟ್ಟುಕೊಳ್ಳಿ. ಬರೆದದ್ದನ್ನು ನಮಗೆ ಕಳಿಸಿಕೊಟ್ಟರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.